ಸಾಂಬಾರು ಚೆಲ್ಲದ ಬ್ರೇಕು

ಲೋಕಲ್ ರೈಲಿನಲ್ಲಿ ಪಳಗಿದವರು ಬೈಕು ಹತ್ತಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಹೇಳಿದ್ದರೆ ನನಗೆ ಇಂಥದ್ದೆಲ್ಲ ಮೇಲಿಂದ ಮೇಲೆ ಆಗುತ್ತಿರಲಿಲ್ಲ.

ಮನೆ ಡೊಂಬಿವಲಿ. ಆಫೀಸು ರಬಾಳೆಗೆ ಬಂದ ಮೇಲೆ, ಮೀಸೆಯಲ್ಲಿ ನರೆ ಇಣುಕುವ ವಯಸ್ಸಿನಲ್ಲಿ, ಬೈಕು ಕೊಂಡೆ. ಊರಿಗೆ ಹೇಳಿದ ಕಾರಣ ಆಫೀಸು. ಒಳಗಿನ ಕಾರಣ ಹೆಂಡತಿ. ಮದುವೆಯಾದಂದಿನಿಂದ ನಾವು ಎಲ್ಲಿಗೆ ಹೋದರೂ ಒಂದೇ ರೈಲು, ಅವಳು ಲೇಡೀಸ್ ಡಬ್ಬಿ, ನಾನು ಜನರಲ್ಲು. ಒಮ್ಮೆಯಾದರೂ ಇಬ್ಬರೂ ಒಟ್ಟಿಗೆ ಕೂತು ಹೋಗಬೇಕೆಂಬುದು ನನ್ನ ದೊಡ್ಡ ಆಸೆ. ಅವಳದು ಒಂದೇ ಷರತ್ತು: "ಬ್ರೇಕ್ ಸರಿ ಬಂತು ಅಂತ ಅಣ್ಣ ಹೇಳ್ಲಿ. ಮತ್ತೆ ಕೂತ್ಕೊಳ್ತೇನೆ."

ಅಣ್ಣ ಎಂದರೆ ನನ್ನ ಭಾವ; ಅವರು ನನ್ನನ್ನು ಕರೆಯುವುದೂ ಭಾವ ಎಂದೇ. ನೆರೂಳಿನಲ್ಲಿ ಉಡುಪಿ ಹೋಟೆಲು ನಡೆಸುತ್ತಾರೆ, ಬೈಕಿನ ಮೇಲೆಯೇ ತಲೆ ನರೆತವರು. ಅವರೇ ಗುರುಗಳು, ಅವರೇ ಪರೀಕ್ಷಕರು.

ನಿಲ್ಲುವ ಮೊದಲು

ಭಾನುವಾರ ಬೆಳಿಗ್ಗೆ, ಕಟ್ಟಡವೊಂದು ಏಳುತ್ತಿದ್ದ ಖಾಲಿ ರಸ್ತೆಯಲ್ಲಿ ಮೊದಲ ಪಾಠ. ದೀಪದ ಕಂಬದವರೆಗೆ ಹೋಗಿ ನಿಲ್ಲಿಸಿ ಎಂದರು ಭಾವ. ಹೋದೆ, ಬ್ರೇಕು ತುಳಿದೆ, ಗಾಡಿ ನಿಧಾನವಾಯಿತು. ನೋಡಿದರೆ ನಾನು ರಸ್ತೆಯ ಮೇಲೆ ಓಡುತ್ತಿದ್ದೇನೆ! ಬೈಕು ಒಂಟಿಯಾಗಿ ಮುಂದೆ ಹೋಗಿ ಮರಳಿನ ರಾಶಿಯಲ್ಲಿ ಮಲಗಿತು.

ತಪ್ಪು ನನ್ನದಲ್ಲ, ಕಾಲಿನದು. ಲೋಕಲ್ಲು ಪೂರ್ತಿ ನಿಲ್ಲುವವರೆಗೆ ಕಾದರೆ ಹತ್ತುವವರು ನಮ್ಮನ್ನು ಮತ್ತೆ ಒಳಗೆ ತಳ್ಳಿಬಿಡುತ್ತಾರೆ. ಹಾಗಾಗಿ ಗಾಡಿ ನಿಧಾನವಾದರೆ ಸಾಕು, ಕಾಲು ಇಳಿದುಬಿಡುತ್ತದೆ. ಪಾಠ ನೋಡಲು ಬಂದಿದ್ದ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕು, ಗಾಡಿ ನಿಲ್ಲುವಷ್ಟು ಹೊತ್ತಾದರೂ ತಾಳ್ಮೆ ಬೇಡವೇ ಎಂದು ಬೈದಳು.

ಕಟ್ಟಡದ ವಾಚ್‌ಮನ್ ವಿಜಯಪುರದ ಕಡೆಯವನು. ಬೈಕು ಎತ್ತಿಕೊಟ್ಟು ಸಮಾಧಾನ ಹೇಳಿದ: "ಗಾಡಿ ನಿಂದರೂತನಕ ತಡೀರಿ ಸಾಹೇಬ್ರ. ಇಲ್ಲಿ ಹಿಂದಿನ ಮಂದಿ ನೂಕಂಗಿಲ್ರಿ."

ಮುಂದಿನ ಬ್ರೇಕು

ಚಿಕ್ಕಂದಿನಲ್ಲಿ ಸೈಕಲ್ಲಿನ ಮುಂದಿನ ಬ್ರೇಕು ಹಿಡಿದು ಪಲ್ಟಿ ಹೊಡೆದವನು ನಾನು. ಆ ಭಯಕ್ಕೆ ಬೈಕಿನಲ್ಲೂ ಬರೀ ಕಾಲಿನ ಬ್ರೇಕೇ ಒತ್ತುತ್ತಿದ್ದೆ. ಹಿಂದಿನ ಚಕ್ರ ಕಿರುಚಿಕೊಂಡು ಪಕ್ಕಕ್ಕೆ ಜಾರುತ್ತಿತ್ತು.

"ಮುಂದಿನ ಬ್ರೇಕ್ ಎಂತಕ್ಕೆ ಇಟ್ಟದ್ದು ಭಾವ? ದೃಷ್ಟಿ ತಾಗದ ಹಾಗೆಯಾ?" ಎಂದು ಗುರುಗಳು ಕೇಳಿದರು.

ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹೆಚ್ಚಿನ ಕೆಲಸವೂ ಅದರದೇ ಎಂದು ವಿವರಿಸಿದರು. ಹ್ಯಾಂಡಲ್ ನೇರ ಇರಬೇಕು, ಎರಡೂ ಬ್ರೇಕು ಒಟ್ಟಿಗೆ ಹಿಡಿಯಬೇಕು. ಕೈಯದನ್ನು ಗಬಕ್ಕನೆ ಹಿಡಿಯಬಾರದು, ನಿಂಬೆಹಣ್ಣು ಹಿಂಡುವ ಹಾಗೆ ಬರಬರುತ್ತ ಬಿಗಿ ಮಾಡಬೇಕು. ಆಮೇಲೆ ತಾವೇ ಓಡಿಸಿ ತೋರಿಸಿದರು. ಅಷ್ಟು ಭಾರದ ಗಾಡಿ ಬೆರಳಿನ ಮಾತು ಕೇಳಿ, ಮೂತಿ ತುಸು ತಗ್ಗಿಸಿ ನಿಂತುಬಿಟ್ಟಿತು. ನನಗೆ ಮೈ ಜುಮ್ಮೆಂದಿತು.

ಮಾರನೆಯ ದಿನ ಲೋಕಲ್ಲಿನಲ್ಲಿ, ನೇತಾಡುವ ಹಿಡಿಕೆಯ ಮೇಲೆ ಅದನ್ನೇ ಅಭ್ಯಾಸ ಮಾಡುತ್ತ ನಿಂತಿದ್ದೆ. ಪಕ್ಕದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ ಹಿಂದಿಯಲ್ಲಿ ಮೆಲ್ಲಗೆ ತಿಳಿಸಿದರು, ಅದನ್ನು ಎಷ್ಟು ಹಿಂಡಿದರೂ ಈ ಗಾಡಿ ನಿಲ್ಲುವುದಿಲ್ಲವೆಂದು.

ಸಾಂಬಾರಿನ ಶಾಲೆ

ಒಮ್ಮೆ ಘೋಡಬಂದರ್ ರಸ್ತೆಯ ಒಂದು ಮನೆಯ ಸಮಾರಂಭಕ್ಕೆ ಭಾವ ಊಟ ಒಯ್ಯಬೇಕಿತ್ತು. ಬೈಕಿನ ಹಿಂದಿನ ಸೀಟಿಗೆ ಸಾಂಬಾರಿನ ಪಾತ್ರೆ ಕಟ್ಟಿದ್ದರು. ನಾನು ಅನ್ನದ ಜೊತೆ ಹಿಂದಿನ ರಿಕ್ಷಾದಲ್ಲಿ. ಇದ್ದಕ್ಕಿದ್ದಂತೆ ಬಸ್ಸೊಂದು ಅವರ ಮುಂದೆ ಅಡ್ಡ ಬಂತು. ನಾನು ಕಣ್ಣು ಮುಚ್ಚಿದೆ. ತೆರೆದರೆ ಭಾವ ಬಸ್ಸಿಗೆ ಧಾರಾಳ ಜಾಗ ಬಿಟ್ಟು ನಿಂತು, ಕನ್ನಡಿ ಸರಿ ಮಾಡಿಕೊಳ್ಳುತ್ತಿದ್ದಾರೆ. ಓಡಿಹೋಗಿ ಪಾತ್ರೆಯ ಮುಚ್ಚಳ ಮುಟ್ಟಿ ನೋಡಿದೆ. ಒಣಗಿತ್ತು. ನಡುರಸ್ತೆಯಲ್ಲೇ ಕೈಮುಗಿದೆ.

"ದೂರದಿಂದ್ಲೇ ನೋಡ್ಬೇಕು ಭಾವ. ಹತ್ರ ಬಂದ ಮೇಲೆ ಬ್ರೇಕ್ ಹುಡುಕಿದ್ರೆ ಸಾಂಬಾರು ನಮ್ಮ ಬೆನ್ನಿಗೆ."

ಮುಂದಿನ ಭಾನುವಾರದಿಂದ ನನ್ನ ಸೀಟಿಗೂ ಉಳಿದ ಸಾಂಬಾರಿನ ಪಾತ್ರೆ ಕಟ್ಟಿದರು. ಬೆನ್ನ ಮೇಲೆ ನುಗ್ಗೆಕಾಯಿ ಅಂಟಿಸಿಕೊಂಡು ಎಷ್ಟೋ ಸಲ ಮನೆಗೆ ಹೋಗಿದ್ದೇನೆ. ಆ ದಿನಗಳಲ್ಲಿ ನೆರೂಳಿನ ನಾಯಿಗಳು ನನ್ನ ಬೈಕು ಕಂಡರೆ ಬೊಗಳುತ್ತಿರಲಿಲ್ಲ, ಭಕ್ತಿಯಿಂದ ಹಿಂಬಾಲಿಸುತ್ತಿದ್ದವು.

ಒಟ್ಟಿಗೆ

ಕೊನೆಗೊಂದು ದಿನ ಪಾತ್ರೆಯ ಮುಚ್ಚಳ ಒಣಗಿಯೇ ಬಂತು. ಭಾವ ತಂಗಿಯ ಕಡೆ ತಿರುಗಿ ತಲೆಯಾಡಿಸಿದರು. ಅವಳು ಹೆಲ್ಮೆಟ್ ಹಾಕಿ, ಸೀರೆ ಸರಿ ಮಾಡಿ, ಒಂದೇ ಬದಿಗೆ ಕಾಲು ಹಾಕಿ ಕೂತಳು. ಹೆಗಲ ಮೇಲೆ ಅವಳ ಕೈ ಬಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ನಾವಿಬ್ಬರೂ ಒಂದೇ ಡಬ್ಬಿಯಲ್ಲಿದ್ದೆವು.

ಬಡಾವಣೆಗೆ ಒಂದು ಸುತ್ತು ಹಾಕಿ ಹೋಟೆಲಿನ ಕಡೆ ಬಂದೆ. ಎತ್ತರದ ಫುಟ್‌ಪಾತಿನ ಮೇಲೆ ಭಾವ ಕಾಯುತ್ತಿದ್ದರು. ದೂರದಿಂದಲೇ ನೋಡಿದೆ, ಹ್ಯಾಂಡಲ್ ನೇರ ಹಿಡಿದೆ, ಎರಡೂ ಬ್ರೇಕು ಹದವಾಗಿ ಒತ್ತಿದೆ. ಗಾಡಿ ಬೆಣ್ಣೆಯಂತೆ ನಿಂತಿತು. ನಾನೂ ಇಳಿಯದೆ ಕೂತೇ ಇದ್ದೆ. ನನ್ನ ಬಗ್ಗೆ ನನಗೇ ಬೆರಗಾಯಿತು.

"ಗಾಡಿ ನಿಂತಿತು, ಈಗ ಇಳಿ," ಎಂದು ಹೆಮ್ಮೆಯಿಂದ ಹಿಂದೆ ತಿರುಗಿದೆ.

ಸೀಟು ಖಾಲಿ. ಅವಳು ಆಗಲೇ ಹಿಂದೆ ಫುಟ್‌ಪಾತಿನ ಮೇಲೆ, ಕೈಚೀಲ ಎದೆಗೊತ್ತಿಕೊಂಡು, ಇಳಿದ ರಭಸಕ್ಕೆ ಇನ್ನೂ ನಾಲ್ಕು ಹೆಜ್ಜೆ ಓಡುತ್ತಿದ್ದಳು.

ಭಾವ ಅವಳನ್ನು ನೋಡಿದರು, ನನ್ನನ್ನು ನೋಡಿದರು.

"ನೀವು ಪಾಸ್ ಭಾವ," ಎಂದರು. "ಸಾಂಬಾರಿಗೆ ಕಟ್ಟಿದ ಹಗ್ಗ ಒಳಗುಂಟು, ತರ್ಲಾ?"