ಅಡುಗೆಮನೆ ಬಾಗಿಲಿನ ಅಭಿಮಾನಿ

ಆ ಮನೆಯಲ್ಲಿ ಜಗಳವೆಲ್ಲ ಎಣ್ಣೆಗೆ. ಅಡುಗೆಮನೆ ಬಾಗಿಲಿನ ಕೀಲಿಗೆ ನಾಲ್ಕು ಹನಿ ಎಣ್ಣೆ ಬಿಡಬೇಕೆಂದು ಹೆಂಡತಿ, ಬಿಟ್ಟರೆ ತಾನು ಮನೆ ಬಿಡುತ್ತೇನೆಂದು ಗಂಡ. (ಬಿಡಲಿ ಎಂದೇ ಅವಳು ಕಾಯುತ್ತಿದ್ದಳೋ ಏನೋ, ಕೇಳುವ ಧೈರ್ಯ ಅವನಿಗಿರಲಿಲ್ಲ.)

ಗಂಡನದು ಕಿವಿಯ ಮೆಷಿನ್ ಮಾರುವ ಅಂಗಡಿ. ಹಗಲೆಲ್ಲ ಊರವರ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, "ಈಗ ಕೇಳಿಸ್ತಾ? ಈಗ?" ಎಂದು ಗಂಟಲು ಹರಿದುಕೊಳ್ಳುವುದು ಅವನ ಉದ್ಯೋಗ. ಸಂಜೆಯಾದರೆ ಅವನದೊಂದು ವೆಬ್‌ಸೈಟ್ ಇತ್ತು. ಹೆಸರು 'ಕವಾಟನಾದ ಮಹಾಸಂಗ್ರಹ'.

"ಕವಾಟ ಅಂದ್ರೇನ್ರೀ?" ಎಂದು ಅಂಗಡಿಗೆ ಬಂದವರು ಕೇಳುತ್ತಿದ್ದರು.

"ಬಾಗಿಲು."

"ಬಾಗಿಲು ಇರೋದು ತೆರೆಯೋಕಲ್ವಾ? ಅದನ್ನ ಕೇಳೋದೇನು?"

ಇಂಥವರಿಗೆ ಏನು ಹೇಳುವುದು? ಬಾಗಿಲುಗಳ ಕಿರುಗುಟ್ಟುವಿಕೆಯನ್ನು ಮೈಕಿನಲ್ಲಿ ಹಿಡಿದು, ಒಂದೊಂದಕ್ಕೂ ಒಂದೊಂದು ಪುಟ ಮಾಡಿ, ಕೆಳಗೆ ರಸವಿವರಣೆ ಬರೆಯುವುದು ಅವನ ಹವ್ಯಾಸ. ಹಲ್ಲಿನ ಡಾಕ್ಟರ ಬಾಗಿಲು ಭಯಾನಕ ರಸ. ಬ್ಯಾಂಕಿನದು ಬರೀ ಗತ್ತು. ಎದುರುಮನೆ ಗೇಟು ಅಳುಬುರುಕ. ಅವೆಲ್ಲಕ್ಕೂ ಕಿರೀಟವಿಟ್ಟ ಹಾಗೆ ಸ್ವಂತ ಅಡುಗೆಮನೆಯ ಬಾಗಿಲು. ಗೊಣಗಿಕೊಂಡು ಶುರುವಾಗಿ, ನಡುವೆ ನಡುಗಿ, ಕೊನೆಗೆ ಏನೋ ಕೇಳಿದಂತೆ ನಿಲ್ಲುತ್ತಿತ್ತು. ಪ್ರತಿ ಸಂಜೆ, ಅವಳು ಒಲೆಯ ಮುಂದಿರುವಾಗ, ಅವನು ಮೈಕ್ ಹಿಡಿದು ಬಂದು ಅದನ್ನು ಮೆಲ್ಲಗೆ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಅವಳು ಏನೋ ಅನ್ನುತ್ತಿದ್ದಳು. ಅವನು ಧ್ಯಾನದಲ್ಲಿರುತ್ತಿದ್ದ.

ಮೊದಲ ಪುಟ ಪರದೆಯ ಮೇಲೆ ಮೂಡಿದ ದಿನ ಅವನಿಗೆ ನಿಜಕ್ಕೂ ಮೈ ಜುಂ ಎಂದಿತ್ತು. ಪಕ್ಕದ ಮನೆಯವರೇ ಸರಿಯಾಗಿ ಗುರುತಿಸದ ತನ್ನಂಥವನ ಮನೆಯ ಬಾಗಿಲು, ಇನ್ನು ಮೇಲೆ ಭೂಮಿಯ ಯಾವ ಮೂಲೆಯಲ್ಲಿ ಯಾರು ಬೇಕಾದರೂ ತೆರೆಯಬಹುದಾದ ಬಾಗಿಲು! ಅವನು ಕಿಟಕಿಯ ಬಳಿ ಹೋಗಿ ಆಕಾಶ ನೋಡಿದ. ಅದೂ ಹಿಂದೆಂದಿಗಿಂತ ದೊಡ್ಡದಾಗಿ ಕಂಡಿತು.

ವರ್ಷ ಕಳೆದರೂ ಎಣ್ಣೆಯ ಜಗಳ ಮುಗಿಯದೆ, ಹೆಂಡತಿ ಕೀಲು ಸರಿಮಾಡಿಸಲು ಬಡಗಿಗೆ ಹೇಳಿಕಳಿಸಿಯೇಬಿಟ್ಟಳು. ಅದೇ ವಾರ ವೆಬ್‌ಸೈಟಿಗೆ ಒಂದು ಸಂದೇಶ ಬಂತು.

'ಸಾರ್, ನಾನು ಹಡಗಿನಲ್ಲಿ ಕೆಲಸ ಮಾಡುವವನು. ನಿಮ್ಮ ಅಡುಗೆಮನೆ ಬಾಗಿಲಿನ ಪುಟ ಅಂದ್ರೆ ನಮಗೆ ಪ್ರಾಣ. ಬಂದರಿನಲ್ಲಿ ಫೋನಿಗೆ ಇಳಿಸಿಕೊಂಡು, ನಡುಸಮುದ್ರದಲ್ಲಿ ಎಲ್ಲರೂ ಕೂತು ಕೇಳುತ್ತೇವೆ. ರಜೆಗೆ ಬರುತ್ತಿದ್ದೇನೆ. ಭಾನುವಾರ ನಿಮ್ಮ ಮನೆಗೆ ಬರಲೇ?'

ಅವನು ಓದುತ್ತ ಓದುತ್ತ ಎದ್ದು ನಿಂತ. ನಡುಸಮುದ್ರ! ಕೆಳಗೆ ತಿಮಿಂಗಿಲ, ಮೇಲೆ ನಕ್ಷತ್ರ, ನಡುವೆ ತನ್ನ ಬಾಗಿಲು!

"ನೋಡೇ, ನೋಡು! ಈಗಲಾದ್ರೂ ಗೊತ್ತಾಯ್ತಾ ಇದರ ಬೆಲೆ?"

ಅವಳು ಓದಿ ನೋಡಿ, ಸೊಂಟದ ಮೇಲೆ ಕೈಯಿಟ್ಟಳು. "ಸರಿ. ಬಡಗಿಗೆ ಸೋಮವಾರ ಬಾ ಅಂತೀನಿ. ಆ ಮನುಷ್ಯ ಬಾಗಿಲು ಕೇಳಿ ಮೆಚ್ಚಿಕೊಂಡ್ರೆ, ಇನ್ನು ಎಣ್ಣೆ ಮಾತೆತ್ತಲ್ಲ. ಇಲ್ಲಾಂದ್ರೆ ನಾನು ಹೇಳಿದ ಹಾಗೆ."

ಅವನು ಖುಷಿಯಿಂದ ಒಪ್ಪಿದ. ಗೆಲ್ಲುವುದು ಖಾತ್ರಿಯಿರುವ ಪಂದ್ಯ ಮದುವೆಯಾದ ಮೇಲೆ ಅವನಿಗೆ ಸಿಕ್ಕಿದ್ದೇ ಅಪರೂಪ.

ಭಾನುವಾರ ಬಂದವನು ಬಿಸಿಲಿಗೆ ಕಂದಿದ, ಬಾಗಿಲ ಚೌಕಟ್ಟಿಗೆ ತಲೆ ತಗಲುವಂಥ ಆಳು. ಗಂಡ ಅವನನ್ನು ನೇರವಾಗಿ ಅಡುಗೆಮನೆಯ ಎದುರು ಕುರ್ಚಿ ಹಾಕಿ ಕೂರಿಸಿದ. ಉಸಿರು ಬಿಗಿಹಿಡಿದು ಬಾಗಿಲು ತೆರೆದ. ಕಿರ್‍ರ್‍ರ್... ಅಂದು ಅದು ತನ್ನ ಜೀವಮಾನದಲ್ಲೇ ಅತ್ಯುತ್ತಮವಾಗಿ ಹಾಡಿತು.

ನಾವಿಕ ಕಾದ. ಇನ್ನೂ ಕಾದ. ಆಮೇಲೆ ಕತ್ತು ಉದ್ದ ಮಾಡಿ ಬಾಗಿಲಿನ ಸಂದಿಯಲ್ಲಿ ಇಣುಕಿದ.

"ಅಕ್ಕ ಮನೇಲಿಲ್ವಾ ಸಾರ್?"

"ಯಾವ ಅಕ್ಕ?"

"ಬೈತಾರಲ್ಲ, ಅವರು!" ಅವನು ಎದ್ದು ನಿಂತು, ಪಾಠ ಒಪ್ಪಿಸುವವನಂತೆ ಶುರು ಮಾಡಿದ. "'ಬಾಗಿಲನ್ನ ಮುದ್ದು ಮಾಡ್ತಾ ನಿಂತ್ರೆ ಹಾಲು ತಾನೇ ಒಲೆ ಆರಿಸ್ಕೊಳುತ್ತಾ?' ಅಂತಾರಲ್ಲ! 'ನನ್ನ ಮಾತಿಗಿಲ್ಲದ ಕಿವಿ ಈ ಹಲಗೆಗೆ ಎಲ್ಲಿಂದ ಬಂತು?' ಅಂತಾರಲ್ಲ! ನಮ್ಮ ಹಡಗಲ್ಲಿ ಎಲ್ಲರಿಗೂ ಬಾಯಿಪಾಠ. ಸಾರ್, ತಿಂಗಳುಗಟ್ಟಲೆ ನೀರು ನೋಡ್ಕೊಂಡಿರ್ತೀವಿ. ಬೈಯೋಕೆ ಕ್ಯಾಪ್ಟನ್ ಒಬ್ರಿದ್ದಾರೆ, ಪಾಪ, ಅವರಿಗೆ ಬೈಯೋಕೆ ಬರಲ್ಲ. ಅಕ್ಕನ್ನ ಹಾಕ್ಕೊಂಡು ಊಟಕ್ಕೆ ಕೂತ್ರೆ ಮನೇಲೇ ಕೂತಂಗಿರುತ್ತೆ."

ಗಂಡ ಬಾಗಿಲಿನ ಹಿಡಿಕೆ ಹಿಡಿದು ಹಾಗೇ ನಿಂತ. ಅವಳ ದನಿ ರೆಕಾರ್ಡಿಂಗಿನಲ್ಲಿ ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ. ಫ್ಯಾನಿನ ಸದ್ದು ಕೇಳಿಸದ ಹಾಗೆ ಅದೂ ಕೇಳಿಸುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಊರಿಗೆಲ್ಲ ಕಿವಿ ಮಾರುವವನ ಕಿವಿ!

ಹೆಂಡತಿ ಒಳಗಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಮದುವೆಯಾದಂದಿನಿಂದ ಅವಳಿಗೆ ಮಾತು ನಿಂತದ್ದನ್ನು ಅವನು ನೋಡಿದ್ದು ಅದೇ ಮೊದಲು. ಕಣ್ಣಂಚು ಒದ್ದೆಯಾಗಿತ್ತು. ನಾವಿಕ ದೊಡ್ಡ ಗಾಯಕಿಯ ಎದುರು ನಿಂತವನಂತೆ ಕೈಮುಗಿದ.

"ಒಂದು ಉಪಕಾರ ಆಗ್ಬೇಕಿತ್ತು ಅಕ್ಕ. ನಮ್ಮ ಅಡುಗೆಯವನು ಉಪ್ಪು ಸುರೀತಾನೆ. ಅವನಿಗೆ ಸ್ವಲ್ಪ..."

"ಉಪ್ಪು ಸುರೀತಾನಾ?" ಅವಳ ದನಿ ಮರಳಿ ಬಂತು. "ರೀ, ನಿಂತ್ಕೊಂಡು ಏನ್ ನೋಡ್ತೀರಿ? ಮೈಕ್ ತನ್ನಿ!"

ಅವನು ತಂದ. ಅಭ್ಯಾಸಬಲದಿಂದ ಇನ್ನೊಂದು ಕೈಯಲ್ಲಿ ಬಾಗಿಲು ಆಡಿಸುತ್ತ, ಮೈಕ್ ಹಿಡಿದು ನಿಂತ. ಅವಳು ಕಾಣದ ಅಡುಗೆಯವನನ್ನು ಎದುರಿಗೆ ಕೂರಿಸಿಕೊಂಡವಳಂತೆ ಶುರು ಮಾಡಿದಳು: "ಸುತ್ತ ಇರೋ ಸಮುದ್ರ ಸಾಲದು ಅಂತ ಪಾತ್ರೆಯೊಳಗೂ ಒಂದು ಸಮುದ್ರ ಮಾಡ್ತೀಯೇನಪ್ಪಾ?" ಏರುವಲ್ಲಿ ಏರಿ, ತಗ್ಗುವಲ್ಲಿ ತಗ್ಗಿ, ಕೊನೆಗೆ "ಹೊತ್ತಿಗೆ ಸರಿಯಾಗಿ ನೀನೂ ಒಂದಿಷ್ಟು ಉಣ್ಣು" ಎಂಬಲ್ಲಿ ಆ ಬೈಗುಳ ಎಂಥ ಮೆತ್ತಗಾಯಿತೆಂದರೆ, ಗಂಡ ಮೈಕನ್ನು ಅವಳ ಬಾಯಿಯ ಹತ್ತಿರಕ್ಕೆ ತಂದ. ಇಷ್ಟು ದಿನ ತಾನು ಇದರ ಪಕ್ಕದಲ್ಲೇ ನಿಂತು ಹಲಗೆಯ ಸದ್ದು ಹಿಡಿಯುತ್ತಿದ್ದೆನಲ್ಲ ಎಂದು ಅವನಿಗೆ ಬೆರಗೋ ಬೆರಗು.

ಹೊಸ ಪುಟ ಸಿದ್ಧವಾಯಿತು. ಬಾಗಿಲನ್ನು ನಾವಿಕ ಮೆಚ್ಚಿದನೋ ಇಲ್ಲವೋ ಎಂಬ ಪ್ರಶ್ನೆ ಎತ್ತದೆ, ಗಂಡ ಬಡಗಿಯನ್ನು ಹೇಗೋ ಮುಂದೂಡಿಸಿದ. ಆಮೇಲೆ ಹಡಗಿನಿಂದ ಸಂದೇಶ ಬಂತು.

'ಅಡುಗೆಯವನು ಈಗ ರುಚಿ ನೋಡಿ ಬಡಿಸುತ್ತಾನೆ. ಅಕ್ಕನಿಗೆ ಎಲ್ಲರ ನಮಸ್ಕಾರ. ಒಂದೇ ಒಂದು ವಿನಂತಿ ಸಾರ್. ಹಿಂದೆ ಅದೇನೋ ಕಿರ್ ಅಂತ ದರಿದ್ರ ಸದ್ದು ಬರುತ್ತೆ. ಅಕ್ಕನ ಮಾತು ಸರಿಯಾಗಿ ಕೇಳಿಸಲ್ಲ. ಅದೊಂದನ್ನ ತೆಗೆಸಿಬಿಡಿ.'

ಬೆನ್ನ ಹಿಂದೆ ನಿಂತು ಹೆಂಡತಿಯೂ ಓದಿದಳು. ಎಣ್ಣೆ ಶೀಶೆ ತಂದು ಅವನ ಕೈಗಿಟ್ಟಳು.

ಅವನು ಕುಕ್ಕರುಗಾಲಲ್ಲಿ ಕೂತು ಕೀಲಿಗೆ ಎಣ್ಣೆ ಬಿಟ್ಟ. ಬಾಗಿಲು ಉಸಿರೂ ಎತ್ತದೆ ತೆರೆದುಕೊಂಡಿತು. ಅವನು ಬಾಗಿಲನ್ನೇ ನೋಡುತ್ತಿರಲು, ಕೈಯಲ್ಲಿದ್ದ ಶೀಶೆ ವಾಲಿ ಎಣ್ಣೆ ನೆಲಕ್ಕೆ ಹರಿಯಿತು.

"ಕೀಲು ಎಲ್ಲಿದೆ, ನೆಲ ಎಲ್ಲಿದೆ ಗೊತ್ತಾಗಲ್ವೇನ್ರೀ ನಿಮ್ಗೆ? ಕಾಲಿಟ್ಟು ಜಾರಿ ಬೀಳೋಳು ನಾನು, ಬಿದ್ದ ಸದ್ದು ಹಿಡಿಯೋಕೆ ಮೈಕ್ ತರೋರು ನೀವು!"

ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ಅವನು ಬಾಯಿಬಿಟ್ಟುಕೊಂಡು ಅವಳನ್ನೇ ನೋಡಿದ.

"ಮೈಕ್ ಹಾಕಿತ್ತಾ?" ಎಂದಳು ಅವಳು.

"ಇಲ್ಲ."

"ಅಯ್ಯೋ, ಎಷ್ಟು ಚೆನ್ನಾಗಿ ಬಂದಿತ್ತು!" ಅವಳು ಹೋಗಿ ಮೈಕ್ ತಂದು ಗುಂಡಿ ಒತ್ತಿದಳು. "ಹೂಂ, ಇನ್ನೊಂದ್ಸಲ ಚೆಲ್ಲಿ."

ಅವನು ಚೆಲ್ಲಿದ.