ಪೋರ್ಟಿಕೊದಲ್ಲಿ ಕ್ಯೂರಿಂಗ್‌ಗೆ ಬಿಟ್ಟ ದೋಣಿ

ಕಲ್ಯಾಣ ನಗರದ ಮುನಿಆಂಜನಪ್ಪನವರ ನೆಮ್ಮದಿ ಕೆಡಿಸಿದ್ದು ಒಂದು ಮೀನು. ಅದೂ ವಿಮಾನದಲ್ಲಿ ಬಂದ ಮೀನು.

ಗರುಡಾಚಾರ್‌ಪಾಳ್ಯದಲ್ಲಿರುವ ಹೆಂಡತಿಯ ತಮ್ಮ ಮುನೀಂದ್ರ ಊಟಕ್ಕೆ ಕರೆದಿದ್ದ. ತಟ್ಟೆಗೆ ಅಂಜಲ್ ತುಂಡು ಬಿದ್ದದ್ದೇ ತಡ, "ತಿನ್ನಿ ಭಾವ, ಬೆಳಗ್ಗೆ ಮಂಗಳೂರಿಂದ ಫ್ಲೈಟಲ್ಲಿ ಬಂದಿದ್ದು. ನಿಮ್ಮೂರ ಕೆರೆ ಮೀನಿನ ಥರ ಕೆಸರು ವಾಸನೆ ಬರಲ್ಲ" ಅಂದ. ಜನ್ಮದಲ್ಲಿ ವಿಮಾನ ಹತ್ತದ ಮುನಿಆಂಜನಪ್ಪನವರಿಗೆ, ತಮಗಿಂತ ಮೊದಲು ಒಂದು ಮೀನು ಹತ್ತಿಬಿಟ್ಟಿತಲ್ಲ ಅಂತ ಹೊಟ್ಟೆ ಉರಿಯಿತು.

"ಹಾರಿಕೊಂಡು ಬಂದಿದ್ದು ಮೀನು ಹೆಂಗಾಗ್ತದಯ್ಯಾ? ಅದು ಹಕ್ಕಿ! ಮುಂದಿನ ತಿಂಗಳು ಮನೆಗೆ ಬಾ. ನಾನೇ ನನ್ನ ದೋಣೀಲಿ ನಿಂತು, ನಾನೇ ಬಲೆ ಬೀಸಿ, ಹಿಡಿದು ತಿನ್ನಿಸ್ತೀನಿ."

ಹೆಂಡತಿ ಪಟಾಲಮ್ಮ ಮೇಜಿನ ಕೆಳಗೆ ಕಾಲು ತುಳಿಯುವಷ್ಟರಲ್ಲಿ ಮಾತು ಹೊರಬಿದ್ದಾಗಿತ್ತು.

ಮುನಿಆಂಜನಪ್ಪನವರು ಹುಟ್ಟಿದ್ದು ಕೆರೆ ಏರಿಯ ಪಕ್ಕದಲ್ಲೇ ಆದರೂ ಹುಟ್ಟು ಹಿಡಿದವರಲ್ಲ. ತಾತನ ರಾಗಿ ಹೊಲ ಲೇಔಟ್ ಆದಮೇಲೆ ಅವರು ಹಿಡಿದದ್ದೆಲ್ಲ ಬಾಡಿಗೆ ಮನೆಗಳ ಬೀಗದ ಕೈ. ಆದರೂ ವಾರದೊಳಗೆ ಒಂದು ಹಳೆಯ ಫೈಬರ್ ದೋಣಿ ಅವರ ಪೋರ್ಟಿಕೊದಲ್ಲಿ ಬಂದು ಕೂತಿತು. ಪಟಾಲಮ್ಮನ ಸ್ಕೂಟರ್ ಬಿಸಿಲಿಗೆ ಬಿತ್ತು.

"ರೀ, ಮುನೀಂದ್ರ ಬರೋ ಭಾನುವಾರ ಇದು ಕೆರೇಲಿರ್ಬೇಕು. ಇಲ್ದಿದ್ರೆ ಸೋಮವಾರ ಗುಜರಿಯವನ ಗಾಡೀಲಿರ್ತದೆ."

"ನೋಡ್ತಿರು. ಕೆರೆ ಮೀನಿನ ಟೆಂಡರ್ ನಮ್ಮ ಚಿಕ್ಕಪ್ಪನ ಮಗಂದೇ. ನಾನು ಇಳಿಸಿದ್ರೆ ಬೇಡ ಅಂತಾನಾ?"

ದೋಣಿಯ ತಳ ಬಿರುಕು ಬಿಟ್ಟಿತ್ತು. ಮಾರಿದವನು ಫೈಬರ್ ಚಾಪೆ ಇಟ್ಟು ಅಂಟು ಬಳಿಯಿರಿ ಅಂತ ಹೇಳಿ ಕಳಿಸಿದ್ದ. "ಅಂಟು ಗಿಂಟೆಲ್ಲ ಚಪ್ಪಲಿಗೆ" ಅಂದರು ಮುನಿಆಂಜನಪ್ಪ. ಇಷ್ಟು ಮನೆ ಕಟ್ಟಿಸಿ, ಇಷ್ಟು ತಾರಸಿ ಸೋರುವುದನ್ನು ನಿಲ್ಲಿಸಿದ ಮಹಾಶಿಲ್ಪಿಗೆ ಒಂದು ದೋಣಿ ಯಾವ ಲೆಕ್ಕ? ಮೇಸ್ತ್ರಿಯನ್ನು ಕರೆಸಿದರು. ಬಿರುಕಿನ ಮೇಲೆ ಚಿಕನ್ ಮೆಶ್ ಅನ್ನುವ ತಂತಿ ಬಲೆ ಹಾಸಿಸಿದರು. (ಮೀನಿನ ದೋಣಿಗೆ ಚಿಕನ್ ಯಾಕೆ ಅಂತ ಪಟಾಲಮ್ಮ ಕೇಳಿದರು.) ಅದರ ಮೇಲೆ ವಾಟರ್‌ಪ್ರೂಫ್ ಪುಡಿ ಕಲಸಿದ ಸಿಮೆಂಟು, ದಪ್ಪಗೆ, ಈ ತುದಿಯಿಂದ ಆ ತುದಿಗೆ, ಒಂದು ಕಡೆಗೆ ಸ್ಲೋಪ್ ಕೊಟ್ಟು.

ಸಿಮೆಂಟು ಹಾಕಿದ ಮೇಲೆ ಕ್ಯೂರಿಂಗ್ ಆಗಬೇಡವೇ? ಮೋಲ್ಡ್ ಹಾಕಿದ ತಾರಸಿಗೆ ನೀರು ಕಟ್ಟಿ ನಿಲ್ಲಿಸುವ ಹಾಗೆ ದೋಣಿಯೊಳಗೆ ಮೊಣಕಾಲುದ್ದ ನೀರು ನಿಲ್ಲಿಸಿದರು. ಟ್ಯಾಂಕರ್ ನೀರು! ಮಹಡಿಯ ಬಾಡಿಗೆಯವಳು ನಾಜಿಶ್ ಬಗ್ಗಿ ನೋಡಿ, "ಅಂಕಲ್, ನಮ್ ನಲ್ಲೀಲಿ ಬರ್ತಾ ಇಲ್ಲ, ಬೋಟಿಗೆ ಮಾತ್ರ ಫುಲ್ಲಾ?" ಅಂದಳು.

"ಸೋರ್ತಾ ಇದ್ಯೇನಮ್ಮಾ? ಒಂದು ತೊಟ್ಟು? ಅದು ನೋಡು ಕೆಲಸ!"

ನೀರು ನಿಂತಲ್ಲೇ ನಿಂತಿರಲು, ಮೇಲಿನ ಅಲಂಕಾರ ಭರದಿಂದ ಸಾಗಿತು. ಶಿವಾಜಿನಗರದಿಂದ ಹೊಸ ಬಲೆ ಬಂತು. ಛತ್ರಿ ಸಿಕ್ಕಿಸಲು ಪೈಪು, ಮೊಬೈಲ್ ಚಾರ್ಜಿಂಗ್ ಪಾಯಿಂಟು (ಕೆರೆ ಮಧ್ಯೆ ಕರೆಂಟು ಎಲ್ಲಿಂದ ಅಂತ ಕೇಳುವವರು ಅಸೂಯೆಯ ಜನ), ಮೂತಿಗೆ ನಾಲಿಗೆ ಚಾಚಿದ ದೃಷ್ಟಿ ಗೊಂಬೆ. ಬಾಡಿಗೆಯಿಂದ ಬಂದದ್ದೆಲ್ಲ ದೋಣಿಯ ಬಾಡಿಗೇ ಹೋಯಿತು.

ದೋಣಿಯನ್ನು ಕೆರೆಗೆ ಸಾಗಿಸಲು ಶನಿವಾರ ಗೂಡ್ಸ್ ಆಟೊ ಬಂತು. ಜೊತೆಗೆ ನಾಲ್ಕು ಜನ ಗಟ್ಟಿ ಆಳು. ನೀರನ್ನೆಲ್ಲ ಡ್ರಮ್ಮಿಗೆ ತೋಡಿ, "ಹೈಸಾ" ಅಂತ ಎತ್ತಿದರು. ದೋಣಿ ಅಲುಗಲಿಲ್ಲ. ಮತ್ತೊಮ್ಮೆ ಎತ್ತಿದರು. ಒಬ್ಬನ ಸೊಂಟ ಅಲುಗಿತು.

"ಸಾರ್," ಅಂದ ಅವನು ಸೊಂಟ ಹಿಡಿದುಕೊಂಡು, "ಇದಕ್ಕೆ ಪಾಯ ಎಷ್ಟು ಅಡಿ ತೆಗೆಸಿದ್ದೀರ?"

ಆಟೊ ಖಾಲಿ ಹೋಯಿತು. ಡ್ರಮ್ಮು ಬೇಕು ಅಂತ ಪಟಾಲಮ್ಮ ನೀರನ್ನು ಮತ್ತೆ ದೋಣಿಗೇ ಸುರಿಸಿದರು. ಮುನಿಆಂಜನಪ್ಪನವರು ಮೆಟ್ಟಿಲ ಮೇಲೆ ಕುಸಿದು ಕೂತರು.

"ಮುನೀಂದ್ರಂಗೆ ಫೋನ್ ಮಾಡೇ. ನಂಗೆ ಜ್ವರ ಅನ್ನು. ಡೆಂಗಿ ಅನ್ನು."

"ಸುಮ್ನಿರ್ರೀ! ನನ್ನ ಗಂಡನ್ನ ನಾನು ಬೈಬೋದು. ನನ್ನ ತಮ್ಮ ನಗಬಾರ್ದು."

ಭಾನುವಾರ ಬೆಳಗ್ಗೆ ಆಕೆ ಮುಚ್ಚಳದ ಬಕೆಟ್ ಹಿಡಿದು ಮಾರ್ಕೆಟ್ಟಿಗೆ ಹೋದರು. ಬಂದವರೇ ಬಕೆಟ್ಟನ್ನು ದೋಣಿಗೆ ಬಗ್ಗಿಸಿದರು. ತೋಳುದ್ದದ ಕೊರಮೀನುಗಳು, ಜೀವಂತ, ಸರ್ರನೆ ಹರಿದಾಡಿದವು.

"ದೋಣಿ ಇದೆ, ನೀರಿದೆ, ಮೀನಿದೆ. ನಿಂತ್ಕೊಂಡು ಬಲೆ ಬೀಸಿ. ಕೆರೇಲಿ ಹಿಡೀತೀನಿ ಅಂತ ನೀವೆಲ್ಲಿ ಹೇಳಿದ್ರಿ?"

ಮುನಿಆಂಜನಪ್ಪನವರಿಗೆ ಹೆಂಡತಿಯ ಕಾಲಿಗೆ ಬೀಳಬೇಕು ಅನ್ನಿಸಿತು. ಅಷ್ಟರಲ್ಲಿ ಗೇಟಿನ ಹೊರಗೆ ಹೊಸ ಕಾರಿನ ಹಾರ್ನ್. ಪಂಚೆ ಎತ್ತಿ ಕಟ್ಟಿ ದೋಣಿಯೊಳಗಿಳಿದು, ಬಲೆಯನ್ನು ಹೆಗಲಿಗೇರಿಸಿದರು. ಮೀನು ಇದ್ದದ್ದು ಅವರ ಕಾಲ ಬುಡದಲ್ಲೇ. ಬಗ್ಗಿ ಗೋರಿದ್ದರೆ ಸಾಕಿತ್ತು. ಆದರೆ ಬಾಮೈದನ ಮುಂದೆ ಗೋರುವುದು ಎಲ್ಲಾದರೂ ಉಂಟೆ? ಗೇಟು ಕಿರ್ರೆನ್ನುತ್ತಲೇ, ಸಮುದ್ರವನ್ನೇ ಬಾಚುವವರ ಹಾಗೆ ಅರ್ಧ ಸುತ್ತು ತಿರುಗಿ ಬೀಸಿದರು.

ಬಲೆ ಛತ್ರಿಯಂತೆ ಅರಳಿತು. ದೋಣಿ ದಾಟಿತು. ರೇಷ್ಮೆ ಪಂಚೆ ಉಟ್ಟು, ಸ್ವೀಟ್ ಬಾಕ್ಸ್ ಹಿಡಿದು ಒಳಗೆ ಕಾಲಿಟ್ಟ ಮುನೀಂದ್ರನ ಮೇಲೆ ನೆತ್ತಿಯಿಂದ ಪಾದದವರೆಗೆ ಸಾಂಗವಾಗಿ ಇಳಿಯಿತು.

"ಭಾವಾ! ಏನಿದು? ಅಕ್ಕಾ!"

ಬಿಡಿಸಿಕೊಳ್ಳಲು ಹೋದಷ್ಟೂ ಸುತ್ತಿಕೊಂಡಿತು. ಮಹಡಿಯಿಂದ ನಾಜಿಶ್ ವಿಡಿಯೊ ಮಾಡುತ್ತಿದ್ದಳು. ಮುನಿಆಂಜನಪ್ಪನವರು ಗಾಬರಿಯಲ್ಲಿ ಹಗ್ಗ ಎಳೆದರು. ಬಾಮೈದ ಧೊಪ್ಪನೆ ಕೂತ.

"ಅವನನ್ನ ಬಿಟ್ಬಿಡ್ರೀ," ಅಂದರು ಪಟಾಲಮ್ಮ, "ಸಾರಿಗೆ ಆಗಲ್ಲ."

ಸೆರಗು ಸಿಕ್ಕಿಸಿ, ದೋಣಿಗೆ ಕೈ ಹಾಕಿ, ಜಾರುವ ಕೊರಮೀನುಗಳನ್ನು ತಲೆ ಹಿಡಿದು ಒಂದೊಂದಾಗಿ ಬಕೆಟ್ಟಿಗೆ ಹಾಕಿದರು. ಕಾರಿನಿಂದ ಇಳಿದು ಬಂದಿದ್ದ ಮುನೀಂದ್ರನ ಮಕ್ಕಳು ಪ್ರತಿ ಮೀನಿಗೂ ಚಪ್ಪಾಳೆ ತಟ್ಟಿದವು.

ಊಟಕ್ಕೆ ಕೂತ ಮುನೀಂದ್ರ, ಮುಖದ ಮೇಲೆ ಬಲೆಯ ಚೌಕುಳಿ ಗುರುತು ಹೊತ್ತುಕೊಂಡೇ, ಮೂರನೇ ಸಲ ಸಾರು ಹಾಕಿಸಿಕೊಂಡ. "ಅಕ್ಕಾ, ಫ್ಲೈಟ್ ಮೀನಿಗೆ ಈ ರುಚಿ ಇಲ್ಲ ಬಿಡು. ಮುಂದಿನ ಭಾನುವಾರನೂ ಬರ್ತೀವಿ. ಆ ದೋಣಿ ಮಾತ್ರ ಗುಜರಿಗೆ ಹಾಕ್ಬೇಡ."

"ಯಾಕೆ ಹಾಕ್ಲಿ? ಅದು ಇನ್ನು ನನ್ನದು. ಬನ್ನಿ, ಹಿಡಿದು ಹಾಕ್ತೀನಿ."

ಮುನಿಆಂಜನಪ್ಪನವರು ಮುಳ್ಳು ಬಿಡಿಸುತ್ತಾ ಮೆಲ್ಲಗೆ ಕೇಳಿದರು, "ಮತ್ತೆ ನಾನು?"

"ನೀವಿಲ್ದೆ ಆಗ್ತದಾ?" ಅಂದರು ಪಟಾಲಮ್ಮ. "ವಾರಾವಾರ ನೀರು ಬದಲಾಯಿಸೋರು ಯಾರು?"