ಸಮುದ್ರಕ್ಕಿಂತ ಹೆಚ್ಚು ಉಪ್ಪಾಗಿರಕೂಡದು

ಸಮುದ್ರದ ನೀರು ಉಪ್ಪಾಗಿದೆ ಎಂಬುದನ್ನು ಸರ್ಕಾರವು ಅಧಿಕೃತವಾಗಿ ಒಪ್ಪಿಕೊಂಡ ಮೇಲೆ ನಮ್ಮ ಊರಿಗೆ ಸಿಹಿನೀರಿನ ಘಟಕ ಮಂಜೂರಾಯಿತು. ಕಡಲಿನಿಂದ ಎತ್ತಿದ ನೀರು ಸಿಹಿಯಾಗಿ ಊರಿಗೆ ಹೋಗತೊಡಗಿತು. ಉಳಿದ ಗಟ್ಟಿ ಉಪ್ಪುನೀರು, ಉದ್ಘಾಟನೆಯ ಭಾಷಣಗಳಲ್ಲಿ ಯಾರೂ ಹೆಸರೆತ್ತದ ಒಂದು ದಪ್ಪ ಪೈಪಿನಲ್ಲಿ, ದಡದ ಪಕ್ಕದಲ್ಲೇ ಸಮುದ್ರಕ್ಕೆ ವಾಪಸು ಬೀಳತೊಡಗಿತು.

ಘಟಕದ ಸೂಪರಿಂಟೆಂಡೆಂಟರು ಸಜ್ಜನರು. ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತು ಸಾಕಾಗಿ ತವರಿಗೆ ಹೋಗಿದ್ದ ಅವರ ಹೆಂಡತಿ, ನಲ್ಲಿಯಲ್ಲಿ ನೀರು ಬಂದ ಸುದ್ದಿ ಕೇಳಿ ಹಿಂದಿರುಗಿದರು. ಒಂದು ಲೋಟ ಕುಡಿದು, "ಪರವಾಗಿಲ್ಲ ಕಣ್ರೀ, ನಿಮ್ಮ ಕೈಲೂ ಒಂದು ಕೆಲಸ ಆಯ್ತು" ಎಂದರು. ಮದುವೆಯಾದಾಗಿನಿಂದ ಹೆಂಡತಿಯ ಬಾಯಲ್ಲಿ ಕೇಳಿದ ಮೊದಲ ಹೊಗಳಿಕೆ ಅದು. ಸೂಪರಿಂಟೆಂಡೆಂಟರ ಕಣ್ಣು ತುಂಬಿತು. ಕಣ್ಣಿನ ಆ ಉಪ್ಪುನೀರಿಗೆ ಯಾವ ನಿಯಮವೂ ಅನ್ವಯಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೀನು ಮಾರುವ ಹೆಂಗಸೊಬ್ಬಳು ಕಚೇರಿಗೆ ಬಂದು, ಸತ್ತ ಮೀನಿನ ಬುಟ್ಟಿಯನ್ನು ಅವರ ಮೇಜಿನ ಮೇಲೆ ಇಳಿಸಿದಳು.

"ಸಾಹೇಬ್ರೇ, ಮೀನು ಹಿಡಿದ ಮೇಲೆ ಉಪ್ಪು ಹಾಕೋದು ನಮ್ಮ ಕಸುಬು. ನೀವು ಅವು ನೀರಲ್ಲಿರುವಾಗ್ಲೇ ಹಾಕ್ಬಿಟ್ಟಿದೀರಲ್ಲ!"

"ಮೀನುಗಾರರ ಉಪ್ಪಿನ ಖರ್ಚನ್ನು ಇಲಾಖೆಯೇ ಭರಿಸುತ್ತಿದೆ" ಎಂದು ಮೇಲಿನವರಿಗೆ ವರದಿ ಹೋಯಿತು. ಮೇಲಿನವರು ಮೆಚ್ಚಿಕೊಂಡರು. ಆದರೆ ವಾಸನೆ ವರದಿಗಿಂತ ದೂರ ಹೋಗಿತ್ತು. ಹೀಗಾಗಿ ಮಾಲಿನ್ಯ ತಪಾಸಣಾಧಿಕಾರಿಗಳು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಬಂದರು.

"ಸಮುದ್ರಕ್ಕೆ ಬಿಡುವ ನೀರು ಸಮುದ್ರಕ್ಕಿಂತ ಹೆಚ್ಚು ಉಪ್ಪಾಗಿರಕೂಡದು. ಇದು ನಿಯಮ. ಸಂಸ್ಕರಣಾ ಯಂತ್ರ ಎಲ್ರೀ?"

"ಅದನ್ನ ನೋಡ್ಕೊಂಡು ಬರೋಕೆ ಸಮಿತಿ ವಿದೇಶಕ್ಕೆ ಹೋಗಿದೆ ಸಾರ್."

"ಯಾವಾಗ ಬರುತ್ತೆ?"

"ಯಂತ್ರಾನೋ, ಸಮಿತೀನೋ ಸಾರ್?"

"ಎರಡೂ."

"ಎರಡಕ್ಕೂ ಅಲ್ಲಿನ ಹವೆ ಹಿಡಿಸಿದೆಯಂತೆ ಸಾರ್."

ಉಪ್ಪುನೀರನ್ನು ಬಿಸಿಲಿಗೆ ಒಣಗಿಸಲು ಒಂದು ಹೊಂಡವೂ ಇತ್ತು. ಗುತ್ತಿಗೆದಾರರು ಸಿಮೆಂಟು ಉಳಿಸುವ ಸದುದ್ದೇಶದಿಂದ ಅದಕ್ಕೆ ತಳ ಹಾಕಿರಲಿಲ್ಲ. ಸುರಿದ ನೀರೆಲ್ಲ ಒಣಗುವ ಮೊದಲೇ ಇಂಗಿ, ಅಕ್ಕಪಕ್ಕದ ಬಾವಿಗಳಲ್ಲಿ ಹಾಜರಾಯಿತು.

"ನಾಳೆ ಬರ್ತೀನಿ. ಸರಿ ಇಲ್ದಿದ್ರೆ ಬೀಗ" ಎಂದು ಅಧಿಕಾರಿಗಳು ಹೊರಟರು.

ಬೀಗ ಬಿದ್ದರೆ ನಲ್ಲಿ ಒಣಗುತ್ತದೆ, ನಲ್ಲಿ ಒಣಗಿದರೆ ಹೆಂಡತಿ ಹೊರಡುತ್ತಾಳೆ. ಸೂಪರಿಂಟೆಂಡೆಂಟರಿಗೆ ಊಟ ರುಚಿಸಲಿಲ್ಲ. ಮರುದಿನ ಬೆಳಿಗ್ಗೆ ಹೆಂಡತಿ ಹಾಲಿನ ಪಾತ್ರೆ ಹಿಡಿದು, "ಇವತ್ತೂ ನೀರು ಬೆರೆಸಿದಾನೆ ನೋಡ್ರೀ" ಎಂದು ಗೊಣಗಿದ್ದೇ ತಡ, ಅವರು ಚಪ್ಪಲಿಯನ್ನೂ ಮೆಟ್ಟದೆ ಘಟಕಕ್ಕೆ ಓಡಿದರು.

ಊರಿಗೆ ಹೋಗುವ ಸಿಹಿನೀರನ್ನು ಒಂದಿಷ್ಟು ಉಪ್ಪುನೀರಿಗೆ ತಿರುಗಿಸಲಾಯಿತು. ಅಧಿಕಾರಿಗಳು ಮೀಟರು ಅದ್ದಿ ನೋಡಿ, "ಇನ್ನೊಂಚೂರು" ಎಂದರು. ಸಂತೆಬೀದಿಯ ನೀರು ನಿಂತಿತು. "ಇನ್ನೊಂಚೂರು." ಆಸ್ಪತ್ರೆ ಬೀದಿಯದು ನಿಂತಿತು. ಹೀಗೆ ಊರಿಡೀ ಬತ್ತಿ, ಕೊನೆಗೆ ಉಳಿದದ್ದು ಸೂಪರಿಂಟೆಂಡೆಂಟರ ಮನೆಯ ಬೀದಿಯ ವಾಲ್ವು ಒಂದೇ.

"ಸಾರ್, ಇಷ್ಟು ಸಾಲಲ್ವಾ?"

"ಒಂದೇ ಒಂದು ಚೂರು ಕಣ್ರೀ."

ಅವರು ಕಣ್ಣು ಮುಚ್ಚಿ ತಿರುಗಿಸಿದರು. ಅಧಿಕಾರಿಗಳು ಮೀಟರು ನೋಡಿ ಅವರನ್ನು ಅಪ್ಪಿಕೊಂಡರು. "ಭೇಷ್! ಸಮುದ್ರದ ನೀರಿಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ!"

ಘಟಕಕ್ಕೆ ಪರಿಸರಸ್ನೇಹಿ ಪ್ರಶಸ್ತಿ ಬಂತು. ಅದರ ಬೆನ್ನಿಗೇ ಪ್ರಕಟಣೆ ಹೊರಬಿತ್ತು: "ಉಪ್ಪುನೀರಿನ ಸಂಸ್ಕರಣೆಗೆ ಸಿಹಿನೀರು ಅತ್ಯವಶ್ಯವಾಗಿರುವುದರಿಂದ, ಸಾರ್ವಜನಿಕರು ಅದನ್ನು ಕುಡಿದು ಪೋಲು ಮಾಡಬಾರದಾಗಿ ಕೋರಲಾಗಿದೆ."

ಮನೆಯಲ್ಲಿ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. "ಏನ್ರೀ ಇದು? ಸಮುದ್ರದಿಂದ ತಂದು, ಸಮುದ್ರದ ನೀರೇ ಮಾಡಿ, ಸಮುದ್ರಕ್ಕೇ ಬಿಡ್ತೀರಾ? ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ! ಕೊನೆಗೆ ಬೆರೆಸೋದೇ ಆದ್ರೆ ಮೊದಲು ಬೇರೆ ಮಾಡೋದ್ಯಾಕೆ?"

ಸೂಪರಿಂಟೆಂಡೆಂಟರು ನೊಂದ ದನಿಯಲ್ಲಿ ಕೇಳಿದರು: "ಬೇರೆ ಮಾಡದೆ ಬೆರೆಸೋದು ಹೇಗೇ?"

ಹೆಂಡತಿ, "ಅದೂ ಸರಿ" ಎಂದು ಕೊಡ ಎತ್ತಿಕೊಂಡು ಟ್ಯಾಂಕರಿನ ಸಾಲಿಗೆ ಹೋದರು.

ಸಾಲಿನಲ್ಲಿದ್ದ ಮೀನಿನವಳು, "ಬನ್ನಿ ಅಕ್ಕಾ, ಮೀನು ವಾಪಸು ಬಂದಿವೆ. ನೀರು ಮಾತ್ರ ಯಾಕೋ ಇಲ್ಲ" ಎಂದಳು. ಹೆಂಡತಿ ಅವಳಿಗೆ ಸಮಾಧಾನವಾಗಿ ವಿವರಿಸಿದರು. ಮುಂದಿದ್ದವರು ತಿರುಗಿ ನಿಂತು ಕೇಳಿದರು, ಹಿಂದಿದ್ದವರು ತಲೆದೂಗಿದರು. ಇಷ್ಟು ಒಳ್ಳೆಯ ಘಟಕ ಒಂದೇ ಇದ್ದರೆ ಎಲ್ಲಿ ಸಾಲುತ್ತದೆ ಎಂದು ಊರವರೆಲ್ಲ ಒಕ್ಕೊರಲಿನಿಂದ ಇನ್ನೊಂದನ್ನು ಕೇಳಿದರು.

ಇಲಾಖೆ ಕೂಡಲೇ ಮಂಜೂರು ಮಾಡಿತು. ಈ ಸಲ ಊರಿಗೆ ಪೈಪು ಹಾಕುವ ಖರ್ಚು ಉಳಿಯಿತು.